ಮೆಣಸು ಓಡಿತು, ರೋಗಾಣು ಉಳಿಯಿತು

ಮೂರರಿಂದ ಏಳು ವರ್ಷದೊಳಗಿನ ಮಕ್ಕಳಿಗೆ ರೋಗಾಣುಗಳ ವಿಚಾರ ತಿಳಿಸಬೇಕೆಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ; ಹಳ್ಳಿಯ ಅಂಗನವಾಡಿಯಿಂದ ಹಿಡಿದು ನಗರದ ಮಾಂಟೆಸ್ಸರಿಯವರೆಗೆ ಕೈತೊಳೆಯುವ ಚಿತ್ರಗಳು ಗೋಡೆಯೇರಿವೆ, ಅಕ್ಟೋಬರ್ 15ರ ವಿಶ್ವ ಕೈತೊಳೆಯುವ ದಿನವೂ 2008ರಿಂದ ಆಚರಣೆಯಲ್ಲಿದೆ. ಆದರೂ ಆ ಚಿತ್ರದ ಹಂತಗಳನ್ನೆಲ್ಲ ಬಾಯಿಪಾಠ ಒಪ್ಪಿಸುವ ಮಗುವೇ ಊಟದ ಗಂಟೆ ಬಾರಿಸಿದೊಡನೆ ಸೋಪಿಗೆ ಬೆರಳು ತಾಗಿಸಿ, ನಲ್ಲಿಗೆ ಕೈಯೊಡ್ಡಿ, ಚಡ್ಡಿಗೆ ಒರೆಸಿಕೊಂಡು ತಟ್ಟೆಯ ಮುಂದೆ ಬಂದು ಕೂರುವುದು ಸಾಮಾನ್ಯ ದೃಶ್ಯ. ಇದನ್ನು ಮಗುವಿನ ಉಡಾಫೆ ಎಂದು ಬಗೆಯುವುದು ತಪ್ಪು. ಹಿರಿಯರು ಏನನ್ನು ತೋರಿಸಿದರೋ ಅದನ್ನೇ ಅದು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ.

ಹಿನ್ನೆಲೆ ಇಷ್ಟು ಸಾಕು. ಬರಿಗಣ್ಣಿಗೆ ಕಾಣದ ಜೀವಿಗಳು ಸೂಕ್ಷ್ಮಜೀವಿಗಳು. ಅವುಗಳಲ್ಲಿ ಕಾಯಿಲೆ ತರುವಂಥವು ರೋಗಾಣುಗಳು. ಬ್ಯಾಕ್ಟೀರಿಯಾ ಎಂಬುದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಏಕಕೋಶ ಜೀವಿ, ವೈರಸ್ ಅಥವಾ ವೈರಾಣು ಅದಕ್ಕಿಂತಲೂ ಬಹಳ ಚಿಕ್ಕದಾಗಿದ್ದು ಬೇರೊಂದು ಜೀವಕೋಶದ ಒಳಹೊಕ್ಕಲ್ಲದೆ ಸಂಖ್ಯೆಯಲ್ಲಿ ಹೆಚ್ಚಲಾರದು. ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯಲ್ಲಿ ಹರಿದಾಡುವ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದದ್ದು 1683ರಲ್ಲಿ. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ತನ್ನ ಜೊತೆಯವರಿಗೆ ಕೈತೊಳೆಯುವ ಕಟ್ಟಳೆ ಹಾಕಿದ್ದು 1847ರಲ್ಲಿ, ಅದೂ ಹಲವರ ವಿರೋಧದ ನಡುವೆ. ಕಾಣದ ವಸ್ತುವಿಗೂ ಕೈಗೂ ಇರುವ ನಂಟು ಓದಿದವರ ತಲೆಗೆ ಇಳಿಯಲಿಕ್ಕೇ ಇಷ್ಟು ಕಾಲ ಹಿಡಿದಿರುವಾಗ ಯುಕೆಜಿಯ ಮಗು ಒಂದು ಪೋಸ್ಟರಿನಿಂದ ಕಲಿಯಬೇಕೆಂದು ಬಯಸುವುದು ಅತಿಯಾಯಿತು.

ಮೊದಲ ಹೆಜ್ಜೆ ಪದದ್ದು. ಮನೆಗಳಲ್ಲಿ ಬಳಕೆಯಾಗುವ ಮಾತು ‘ಕೈಯಲ್ಲಿ ಹುಳ ಇದೆ’ ಎಂಬುದು. ಮಗು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತದೆ, ಹುಳ ಕಾಣುವುದಿಲ್ಲ, ಅಲ್ಲಿಗೆ ದೊಡ್ಡವರ ಮಾತು ಸುಳ್ಳೆಂದು ತೀರ್ಮಾನವಾಗುತ್ತದೆ. ಹುಳುಕು ಹಲ್ಲಿನ ವಿಷಯದಲ್ಲಿಯೂ ಇದೇ ತೊಡಕು: ಹೆಸರಿನಲ್ಲಿ ಹುಳುವಿದ್ದರೂ ಹಲ್ಲಿನಲ್ಲಿ ಹುಳುವಿಲ್ಲ, ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳಿವೆ. ಹೊಟ್ಟೆಯ ಜಂತುಹುಳುವಾದರೋ ನಿಜವಾದ ಹುಳುವೇ. ಆದ್ದರಿಂದ ‘ಹುಳ’ವನ್ನು ಜಂತುಹುಳುವಿಗೆ ಬಿಟ್ಟುಕೊಟ್ಟು, ಉಳಿದವಕ್ಕೆ ‘ರೋಗಾಣು’ ಎಂಬ ಪದವನ್ನೇ ಮೊದಲ ದಿನದಿಂದ ಬಳಸುವುದು ಲೇಸು. ಡೈನೋಸಾರುಗಳ ಉದ್ದುದ್ದ ಹೆಸರನ್ನು ತಡವರಿಸದೆ ಹೇಳುವ ನಾಲಗೆಗೆ ಮೂರಕ್ಷರದ ಈ ಪದ ಭಾರವಾಗದು.

ಎರಡನೆಯ ಹೆಜ್ಜೆಯಲ್ಲಿ ಕಾಣದ ಜೀವಿ ಇದೆಯೆಂಬುದನ್ನು ನಂಬಿಸಬೇಕು. ಇದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ, ಅಡುಗೆಮನೆಯ ಹೆಪ್ಪು ಸಾಕು. ಕಾಯಿಸಿ ಉಗುರುಬೆಚ್ಚಗಾದ ಹಾಲನ್ನು ಎರಡು ಲೋಟಗಳಿಗೆ ಹಾಕಿ, ಒಂದಕ್ಕೆ ಮಾತ್ರ ಅರ್ಧ ಚಮಚ ಮೊಸರನ್ನು ಮಗುವಿನ ಕೈಯಿಂದಲೇ ಬೆರೆಸಿ, ಎರಡನ್ನೂ ಮುಚ್ಚಿಟ್ಟು, ಬೆಳಗ್ಗೆ ಓರೆ ಮಾಡಿ ತೋರಿಸಿದರೆ ಒಂದು ತುಳುಕುತ್ತದೆ, ಇನ್ನೊಂದು ಗಟ್ಟಿಯಾಗಿ ನಿಂತಿರುತ್ತದೆ. ಅರ್ಧ ಚಮಚದಲ್ಲಿದ್ದ ಕಾಣದ ಜೀವಿಗಳು ರಾತ್ರಿಯಿಡೀ ಮರಿಹಾಕಿ ಲೋಟದ ತುಂಬ ಹರಡಿದವು ಎಂದರೆ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಇದರಿಂದ ಮತ್ತೊಂದು ಲಾಭವೂ ಇದೆ: ಮೊಸರನ್ನೂ ಇಡ್ಲಿ ಹಿಟ್ಟಿನ ಹುಳಿಯನ್ನೂ ಕೊಡುವ ಸೂಕ್ಷ್ಮಜೀವಿಗಳು ಮನೆಯ ಕೆಲಸಕ್ಕೆ ಒದಗುವಂಥವು, ಎಲ್ಲವೂ ಶತ್ರುಗಳಲ್ಲ ಎಂಬುದು ಮೊದಲೇ ತಿಳಿದರೆ ಮಗು ಮುಂದೆ ಮಣ್ಣು ಮುಟ್ಟಲೂ ಅಂಜುವ ಸ್ಥಿತಿಗೆ ಹೋಗುವುದಿಲ್ಲ. ಕೊಳೆಗೈಯಿಂದ ಬ್ರೆಡ್ಡು ಮುಟ್ಟಿ ಬೂಷ್ಟು ಬರಿಸುವ ಪ್ರಯೋಗವನ್ನು ಕೆಲವರು ಮೆಚ್ಚುತ್ತಾರೆ; ಅದಕ್ಕೆ ಹಲವು ದಿನ ಕಾಯಬೇಕು, ಅಷ್ಟರಲ್ಲಿ ಮಗು ಬ್ರೆಡ್ಡನ್ನೂ ಪಾಠವನ್ನೂ ಮರೆತಿರುತ್ತದೆ.

ಇನ್ನು, ಬಹುಪಾಲು ಶಿಕ್ಷಕರೂ ಪೋಷಕರೂ ಎಡವುವ ಜಾಗ. ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಸವರಿದ ಬೆರಳನ್ನು ನಡುವೆ ಅದ್ದಿದರೆ ಪುಡಿಯೆಲ್ಲ ಚದುರಿ ಅಂಚಿಗೆ ಓಡುವ ಆ ಪ್ರಸಿದ್ಧ ಪ್ರಯೋಗವನ್ನು ಇಂದು ಮೊಬೈಲಿನಲ್ಲಿ ನೋಡದವರಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ‘ನೋಡಿ, ಸೋಪು ಕಂಡರೆ ರೋಗಾಣು ಓಡಿಹೋಗುತ್ತದೆ’ ಎಂದು ಟೀಚರು ಹೇಳುತ್ತಾರೆ, ಫೋಟೋ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ನೋಡಲು ಸೊಗಸಾದ ಈ ಆಟ ಕಲಿಸುವುದೆಲ್ಲವೂ ತಪ್ಪು. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ನೀರಿನ ಮೇಲ್ಪದರ ಬಿಗಿದ ಚರ್ಮದಂತಿರುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಸೋಪು ತಾಗಿದ ಕಡೆ ಆ ಬಿಗಿ ಸಡಿಲವಾಗುತ್ತದೆ, ಸುತ್ತಲಿನ ನೀರು ಇನ್ನೂ ಬಿಗಿಯಾಗಿರುವುದರಿಂದ ಮೇಲ್ಪದರವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅದರ ಮೇಲೆ ಕುಳಿತಿದ್ದ ಪುಡಿ ಅದರೊಂದಿಗೇ ಸಾಗುತ್ತದೆ. ಅಲ್ಲಿ ಸೋಪಿಗೆ ಹೆದರಿದವರು ಯಾರೂ ಇಲ್ಲ. ಅದೇ ತಟ್ಟೆಯಲ್ಲಿ ಎರಡನೆಯ ಮಗು ಬೆರಳದ್ದಿದಾಗ, ನೀರಿಗೆ ಆಗಲೇ ಸೋಪು ಸೇರಿರುವ ಕಾರಣ, ಪುಡಿ ಮೊದಲಿನಂತೆ ಓಡುವುದಿಲ್ಲ. ಸಾಲಿನಲ್ಲಿ ಹಿಂದೆ ನಿಂತ ಮಕ್ಕಳೆಲ್ಲ ‘ನನ್ನ ಸೋಪು ಕೆಲಸ ಮಾಡಲಿಲ್ಲ’ ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ಭೌತಶಾಸ್ತ್ರದ ಈ ಗೊಂದಲವನ್ನು ಮನ್ನಿಸಬಹುದಿತ್ತು, ಆದರೆ ಅಭ್ಯಾಸಕ್ಕೆ ತಟ್ಟುವ ಕೇಡನ್ನು ಮನ್ನಿಸುವಂತಿಲ್ಲ. ಪ್ರಯೋಗದಲ್ಲಿ ಮೆಣಸು ಇರುವುದು ನೀರಿನಲ್ಲಿ, ಕೈಯಲ್ಲಲ್ಲ. ಬೆರಳು ಮೊದಲಿನಿಂದಲೂ ಶುಚಿ. ಉಜ್ಜುವ ಕೆಲಸವೇ ಇಲ್ಲ, ತಾಗಿಸಿದರೆ ಮುಗಿಯಿತು. ಪುಡಿ ತೊಲಗುವುದೂ ಇಲ್ಲ. ತಟ್ಟೆಯ ಅಂಚಿನಲ್ಲಿಯೇ ಉಳಿಯುತ್ತದೆ, ಒಂದಿಷ್ಟು ತಳ ಸೇರುತ್ತದೆ. ಹೀಗೆ ಕಲಿತ ಮಗು ಸೋಪಿಗೆ ಬೆರಳ ತುದಿ ತಾಗಿಸಿ ಕ್ಷಣಮಾತ್ರದಲ್ಲಿ ನಲ್ಲಿಯಿಂದ ಹಿಂದಿರುಗಿದರೆ ಅದು ಪಾಠವನ್ನು ಮರೆತದ್ದಲ್ಲ, ನೆನಪಿಟ್ಟದ್ದು. ವಾಸ್ತವದಲ್ಲಿ ಸೋಪಿನ ಅಣುವಿನ ಒಂದು ತುದಿ ನೀರಿಗೆ ಅಂಟುವಂಥದು, ಇನ್ನೊಂದು ಜಿಡ್ಡಿಗೆ. ಚರ್ಮದ ಜಿಡ್ಡಿನಲ್ಲಿ ಹುದುಗಿದ ರೋಗಾಣುಗಳನ್ನು ಅದು ಸಡಿಲಿಸುವುದು ಉಜ್ಜಿದಾಗ, ಅವು ತೊಲಗುವುದು ನೀರು ಹರಿದಾಗ. ಕೊಬ್ಬಿನ ಹೊದಿಕೆಯುಳ್ಳ ಕೆಲವು ವೈರಸ್‌ಗಳನ್ನು, ಕೊರೋನಾವೂ ಅಂಥದೇ, ಸೋಪು ಒಡೆದೇಬಿಡುತ್ತದೆ; ಅದಕ್ಕೂ ಹೊತ್ತು ಬೇಕು.

ಮೆಣಸಿನ ಜಾಗದಲ್ಲಿ ಮಾಡಬೇಕಾದದ್ದು ಇದು. ಮಗುವಿನ ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಅದರ ಮೇಲೆ ಚಿಟಿಕೆ ರಾಗಿಹಿಟ್ಟನ್ನೋ ಕಾಫಿಪುಡಿಯನ್ನೋ ಉದುರಿಸಿ, ಎರಡೂ ಕೈಗಳನ್ನು ಹೊಸೆಯಲು ಹೇಳಬೇಕು. ಆ ಕೈಯಿಂದ ಒಂದು ಬಿಳಿ ಹಾಳೆಯನ್ನು ಮುಟ್ಟಿಸಿದರೆ ರೋಗಾಣು ಕೈಯಿಂದ ವಸ್ತುವಿಗೆ ದಾಟುವ ಬಗೆ ಕಣ್ಣೆದುರೇ ಮೂಡುತ್ತದೆ. ಬಳಿಕ ಬರಿಯ ನೀರಿನಲ್ಲಿ ತೊಳೆಯಿಸಬೇಕು. ಜಿಡ್ಡು ಹೋಗುವುದಿಲ್ಲ, ನೀರು ಅಂಗೈಯಲ್ಲಿ ಮಣಿಮಣಿಯಾಗಿ ನಿಲ್ಲುತ್ತದೆ, ಗೆರೆಗಳಲ್ಲಿಯೂ ಉಗುರಿನ ಬುಡದಲ್ಲಿಯೂ ಕಂದು ಬಣ್ಣ ಉಳಿದಿರುತ್ತದೆ. ಆಮೇಲೆ ಸೋಪು ಹಚ್ಚಿ ಉಜ್ಜಿಸಿದರೆ ಎಷ್ಟು ಹೊತ್ತು ಉಜ್ಜಬೇಕೆಂಬುದನ್ನು ಯಾರೂ ಹೇಳಬೇಕಾಗುವುದಿಲ್ಲ, ಕೈಯೇ ಹೇಳುತ್ತದೆ. ಅರಿಶಿನವನ್ನು ಮಾತ್ರ ಬಳಸಬಾರದು: ಸೋಪಿನ ಕ್ಷಾರ ತಾಗಿದೊಡನೆ ಅದು ಕೆಂಪಾಗುತ್ತದೆ, ಮಗು ರಕ್ತವೆಂದು ಬೆದರುತ್ತದೆ, ಕಲೆಯೂ ಬೇಗ ಹೋಗುವುದಿಲ್ಲ.

ಕೈ ತೊಳೆಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ತುದಿ ಮತ್ತು ಬೆರಳ ಸಂದು. ಇಪ್ಪತ್ತು ಸೆಕೆಂಡು ಉಜ್ಜಬೇಕೆಂದರೆ ಗಡಿಯಾರ ಓದಲು ಬಾರದ ಮಗುವಿಗೆ ಅರ್ಥವಿಲ್ಲ, ಇಪ್ಪತ್ತರವರೆಗೆ ಎಣಿಸು ಎಂದರೆ ರೈಲು ಬಿಟ್ಟಂತೆ ಎಣಿಸಿ ಮುಗಿಸುತ್ತದೆ. ‘ಕ’ ಕಾಗುಣಿತವನ್ನು ರಾಗವಾಗಿ ಎರಡು ಸಲ ಹೇಳಿಸಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತಾಗುತ್ತದೆ. ನಲ್ಲಿಯಿಲ್ಲದ ಕಡೆ ಚೊಂಬಿನಿಂದ ಮತ್ತೊಬ್ಬರು ನೀರು ಹೊಯ್ಯಬೇಕೇ ಹೊರತು ಒಂದೇ ಬಕೆಟ್ಟಿನಲ್ಲಿ ಸಾಲುಸಾಲಾಗಿ ಕೈ ಅದ್ದಿಸಬಾರದು. ತಣ್ಣೀರೇ ಸಾಕು. ತೊಳೆದ ಕೈಯನ್ನು ಮೂಗೊರೆಸಿದ ಸೆರಗಿಗೋ ವಾರದಿಂದ ತೂಗುತ್ತಿರುವ ಟವೆಲ್ಲಿಗೋ ಒರೆಸುವುದಕ್ಕಿಂತ ಕೊಡವಿ ಗಾಳಿಗೆ ಆರಿಸಿಕೊಳ್ಳುವುದು ಮೇಲು. ಸ್ಯಾನಿಟೈಸರ್ ಪ್ರಯಾಣದಲ್ಲಿ ಉಪಯೋಗಿ, ಅದೂ ಶೇ 60ಕ್ಕೆ ಕಡಿಮೆಯಿಲ್ಲದ ಆಲ್ಕೋಹಾಲ್ ಇದ್ದರೆ. ಮಣ್ಣುಗೈಗೆ ಅದು ಹಿಡಿಯುವುದಿಲ್ಲ, ವಾಂತಿಭೇದಿ ತರುವ ನೊರೊವೈರಸ್‌ನಂಥವುಗಳ ಮುಂದೆ ಅಷ್ಟಾಗಿ ನಡೆಯುವುದಿಲ್ಲ, ಮಕ್ಕಳು ಕುಡಿದರೆ ಅಪಾಯ.

ಯಾವಾಗ ತೊಳೆಯಬೇಕೆಂಬುದರಲ್ಲಿ ಮನೆಗಳ ರೂಢಿಯೇ ತಲೆಕೆಳಗಾಗಿದೆ. ಊಟದ ಮುಂಚೆ ಬಲಗೈಯ ಬೆರಳಿಗೆ ನೀರು ಮುಟ್ಟಿಸಿ, ಊಟವಾದ ಮೇಲೆ ಸಾರಿನ ಜಿಡ್ಡೂ ವಾಸನೆಯೂ ಹೋಗಲೆಂದು ಸೋಪು ಹಚ್ಚಿ ತೊಳೆಯುವ ತಂದೆಯನ್ನು ನೋಡಿ ಮಗು ಸೋಪಿರುವುದು ವಾಸನೆಗೆಂದೇ ತಿಳಿಯುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತು 2018ರಲ್ಲಿ ಕಂಡುಕೊಂಡಂತೆ ಶೌಚದ ಬಳಿಕ ಸೋಪು ಬಳಸುವ ಭಾರತೀಯ ಕುಟುಂಬಗಳು ಸುಮಾರು ಶೇ 74, ಊಟದ ಮುಂಚೆ ಬಳಸುವವು ಸುಮಾರು ಶೇ 36 ಮಾತ್ರ. ಮುದ್ದೆಯನ್ನೂ ಅನ್ನವನ್ನೂ ಕೈಯಿಂದಲೇ ಉಣ್ಣುವ ನಾಡಿನಲ್ಲಿ ಈ ಅಂತರವನ್ನು ಹಗುರವಾಗಿ ಕಾಣಲಾಗದು.

ಮಡಿ-ಮೈಲಿಗೆಯ ಭಾಷೆಯಲ್ಲಿ ರೋಗಾಣುವನ್ನು ವಿವರಿಸುವ ಚಾಳಿಯೂ ಕೆಲವು ಮನೆಗಳಲ್ಲಿದೆ. ‘ಎಂಜಲು’ ಎಂಬ ಕಲ್ಪನೆ ಇಲ್ಲಿ ನಿಜಕ್ಕೂ ಉಪಕಾರಿ, ಏಕೆಂದರೆ ಒಬ್ಬರ ಬಾಯಿಯದು ಇನ್ನೊಬ್ಬರ ಬಾಯಿಗೆ ಹೋಗಬಾರದೆಂಬುದನ್ನು ಮಗು ಅದರಿಂದ ಬೇಗ ಹಿಡಿಯುತ್ತದೆ. ಮಡಿಯಾದರೋ ವ್ಯಕ್ತಿಯನ್ನು ಬೊಟ್ಟುಮಾಡುತ್ತದೆ. ಮಡಿಬಟ್ಟೆ ಉಟ್ಟವರ ಉಗುರಿನಲ್ಲಿಯೂ ರೋಗಾಣು ಇರುತ್ತದೆ. ‘ಅವರ ಮಗುವಿನ ಜೊತೆ ಕೂರಬೇಡ, ಕಾಯಿಲೆ ಬರುತ್ತದೆ’ ಎಂದು ಕಲಿತ ಮಗು ಕೈತೊಳೆಯುವುದನ್ನು ಕಲಿಯಲಿಲ್ಲ, ಜನರನ್ನು ದೂರವಿಡುವುದನ್ನು ಕಲಿಯಿತು. ರೋಗಾಣು ದಾಟುವ ದಾರಿಗಳನ್ನಷ್ಟೇ ಹೇಳಿಕೊಡಬೇಕು: ಕೈಯಿಂದ ಬಾಯಿಗೆ, ಮೂಗಿನಿಂದ ಗಾಳಿಗೆ, ನೀರಿನಿಂದ ಹೊಟ್ಟೆಗೆ. ಕೆಮ್ಮು ಬಂದರೆ ಅಂಗೈಯನ್ನಲ್ಲ, ಮೊಣಕೈಯ ಮಡಿಕೆಯನ್ನು ಅಡ್ಡ ಹಿಡಿಯಬೇಕೆಂಬುದು ಈ ದಾರಿಗಳ ಪಾಠದೊಳಗೇ ಬರುತ್ತದೆ. ಕಾಯಿಲೆಯನ್ನು ತಪ್ಪಿಗೆ ಸಿಕ್ಕ ಶಿಕ್ಷೆಯೆಂದು ಈ ವಯಸ್ಸಿನ ಮಕ್ಕಳು ತಾವಾಗಿಯೇ ಭಾವಿಸುವುದನ್ನು ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ 1932ರಷ್ಟು ಹಿಂದೆಯೇ ಗುರುತಿಸಿದ್ದ. ‘ಮಾತು ಕೇಳಲಿಲ್ಲ, ಅದಕ್ಕೇ ಜ್ವರ’ ಎಂದು ಹಿರಿಯರು ಅದಕ್ಕೆ ಒಗ್ಗರಣೆ ಹಾಕದಿದ್ದರೆ ಸಾಕು.

ಉಳಿದವು ಸಂಕ್ಷೇಪವಾಗಿ. ಹಟ ಮಾಡಿದರೆ ಇಂಜೆಕ್ಷನ್ ಹಾಕಿಸುತ್ತೇನೆಂದು ಗುಮ್ಮನಂತೆ ಬೆದರಿಸುವುದನ್ನು ಇಂದೇ ನಿಲ್ಲಿಸಬೇಕು, ಏಕೆಂದರೆ ಸೂಜಿಗೆ ಹೀಗೆ ಬೆದರಿದ ಮಗುವಿಗೆ ಐದರಿಂದ ಆರು ವರ್ಷದೊಳಗೆ ಕೊಡಿಸಬೇಕಾದ ಡಿಪಿಟಿ ಬೂಸ್ಟರ್ ಲಸಿಕೆ ಕೊಡಿಸುವುದೇ ಕಷ್ಟವಾಗುತ್ತದೆ. ಜಂತುಹುಳು ನಿವಾರಣೆಯ ಅಲ್ಬೆಂಡಜೋಲ್ ಮಾತ್ರೆಯನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಉಚಿತವಾಗಿ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಪುಡಿಮಾಡಿಯೇ ಕೊಡಬೇಕು. ಭೇದಿಯಾದಾಗ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಪೂರ್ತಿಯಾಗಿ ಕಲಸಬೇಕು, ಒಂದು ಲೋಟಕ್ಕೆ ಒಂದಿಷ್ಟು ಎಂದು ಅಂದಾಜಿಗೆ ಸುರಿಯಬಾರದು. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಬೇಕು.