ಪಾರ್ಶ್ವಗನ್ನಡಿಯ ಪುಟ್ಟ ದೀಪ: ಒಂದು ವಿಜ್ಞಾನ ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ನೆನಪುಗಳಿಗೆ ಬರಗಾಲವಿರದು. ಅವುಗಳನ್ನು ಸೊಗಸಾಗಿ ಬರೆಯಬಲ್ಲ ಹಳೆ ವಿದ್ಯಾರ್ಥಿಗಳು ನಮ್ಮ ಶಾಲೆಗೆ ಸಾಕಷ್ಟು ಮಂದಿ ಇದ್ದಾರೆ. ಬಾಳಿನ ಬಹುಭಾಗವನ್ನು ಕರಿಹಲಗೆಯ ಮುಂದೆ ಕಳೆದವನ ಲೇಖನಿಗಾದರೋ ಪಾಠವೇ ಹೆಚ್ಚು ಒಗ್ಗುತ್ತದೆ. ಆದಕಾರಣ ಈ ಪುಟಗಳಲ್ಲಿ ಒಂದು ಪಾಠವನ್ನೇ ಮಾಡಬಯಸುತ್ತೇನೆ. ವಿಷಯ ಚಿಕ್ಕದು: ಕಾರಿನ ಎರಡು ಬದಿಯ ಕನ್ನಡಿಗಳಿಗೆ ತಿರುವು ಸೂಚಿಸುವ ದೀಪಗಳನ್ನು, ಎಂದರೆ ನಾವೆಲ್ಲರೂ ಇಂಡಿಕೇಟರ್ ಎಂದು ಕರೆಯುವ ದೀಪಗಳನ್ನು, ಎಲ್‌ಇಡಿಗಳಿಂದ ಸ್ವತಃ ತಯಾರಿಸಿ ಜೋಡಿಸುವುದು ಹೇಗೆ ಎಂಬುದು.

ಇದಕ್ಕೆ ಬೇಕಾದ ವಿಜ್ಞಾನವು ನಮ್ಮ ಪ್ರೌಢಶಾಲೆಯ ಕನ್ನಡ ಪಠ್ಯಪುಸ್ತಕದಲ್ಲಿಯೇ ಇದೆ. ಆದರೆ ಬೇಕಾದ ವಿವೇಕವು ಪುಸ್ತಕದ ಹೊರಗೂ ಇದೆ. ಇವೆರಡೂ ಕೂಡಿದಾಗ ಮಾತ್ರ ಈ ಪುಟ್ಟ ದೀಪ ಸಾರ್ಥಕವಾಗುತ್ತದೆ ಎಂಬುದೇ ಪಾಠದ ತಿರುಳು.

ಕೈಸನ್ನೆಯಿಂದ ಕನ್ನಡಿಯವರೆಗೆ

ತಿರುವಿನ ಸೂಚನೆಯು ಮೊದಲು ಕೈಯ ಭಾಷೆಯಾಗಿತ್ತು. ಬಲಕ್ಕೆ ತಿರುಗುವ ಚಾಲಕನು ಬಲಗೈಯನ್ನು ಹೊರಚಾಚಿ ಅಂಗೈಯನ್ನು ಮುಂದಕ್ಕೆ ತೋರಿಸುತ್ತಿದ್ದನು. ಎಡಕ್ಕೆ ತಿರುಗುವುದಾದರೆ ಚಾಚಿದ ಕೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸುತ್ತಿದ್ದನು. ಅನಂತರ ಇಂಗ್ಲೆಂಡಿನ ಮೋರಿಸ್ ಮೈನರ್ ಮುಂತಾದ ಕಾರುಗಳಲ್ಲಿ ಬಾಗಿಲ ಕಂಬದಿಂದ ಹೊರಚಿಮ್ಮುವ, ಒಳಗೆ ದೀಪವಿರುವ ಪುಟ್ಟ ಕೈಗಳು ಬಂದವು. ಅಮೆರಿಕದ ಬ್ಯುಯಿಕ್ ಕಂಪೆನಿಯು 1939ರ ತನ್ನ ಕಾರುಗಳಿಗೆ ಮಿನುಗುವ ದೀಪಗಳನ್ನು ಅಳವಡಿಸಿತು. 1998ರಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪೆನಿಯ ಎಸ್-ಕ್ಲಾಸ್ ಕಾರು ಈ ದೀಪವನ್ನು ಬದಿಯ ಕನ್ನಡಿಗೆ ತಂದ ಮೇಲೆ ಆ ಪದ್ಧತಿ ಎಲ್ಲೆಡೆ ಹರಡಿತು.

ಕನ್ನಡಿಯ ಮೇಲೇಕೆ ದೀಪ? ಮುಂದಿನ ಇಂಡಿಕೇಟರ್ ಎದುರಿನಿಂದ ಬರುವವನಿಗೆ ಕಾಣುತ್ತದೆ, ಹಿಂದಿನದು ಹಿಂದಿನಿಂದ ಬರುವವನಿಗೆ. ಆದರೆ ಕಾರಿನ ಹಿಂಬಾಗಿಲ ಪಕ್ಕದಲ್ಲಿಯೇ ಸಾಗುತ್ತಿರುವ ಸ್ಕೂಟರ್ ಸವಾರನಿಗೆ ಇವೆರಡೂ ಕಾಣುವುದಿಲ್ಲ. ಹಿಂದಿನ ದೀಪವನ್ನು ಆತ ದಾಟಿ ಬಂದಿದ್ದಾನೆ, ಮುಂದಿನ ದೀಪವನ್ನು ಇನ್ನೂ ತಲುಪಿಲ್ಲ. ಅನೇಕ ವೇಳೆ ಕಾರಿನ ಚಾಲಕನ ಕನ್ನಡಿಯಲ್ಲಿಯೂ ಆತ ಕಾಣುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅದೃಶ್ಯರಾಗಿರುವ ಆ ಕ್ಷಣದಲ್ಲಿ ಕಾರು ಎಡಕ್ಕೆ ಹೊರಳಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಕಾರಿನ ಮುಂಭಾಗದ ಪಕ್ಕದಲ್ಲಿ, ಚಕ್ರದ ಮೇಲ್ಗಡೆ ಇರುವ ಸಣ್ಣ ದೀಪವು ಈ ಕೊರತೆಯನ್ನು ನೀಗಿಸಲೆಂದೇ ಬಂದುದು. ಕನ್ನಡಿಯ ದೀಪ ಅದಕ್ಕಿಂತ ಎತ್ತರದಲ್ಲಿದ್ದು, ಕಾರಿನ ಮೈಯಿಂದ ಹೊರಚಾಚಿರುವುದರಿಂದ ಪಕ್ಕದ ಸವಾರನಿಗೆ ಸುಲಭವಾಗಿ ಕಾಣುತ್ತದೆ.

ಕೇಂದ್ರ ಸರಕಾರದ ವರದಿಯಂತೆ 2022ನೆಯ ವರ್ಷ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ತಲಪಾಡಿಯಿಂದ ದಕ್ಷಿಣಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ನಮ್ಮ ಮಕ್ಕಳು, ಮೊಮ್ಮಕ್ಕಳು ದಿನವೂ ಕಾರುಗಳ ಪಕ್ಕದಲ್ಲಿ ಸ್ಕೂಟರ್ ಓಡಿಸುತ್ತಾರೆ. ಆದುದರಿಂದ ಈ ದೀಪವನ್ನು ಕಾರಿನ ಅಲಂಕಾರವೆಂದು ಎಣಿಸದೆ, ಪಕ್ಕದವನಿಗೆ ಆಡುವ ಒಂದು ಮಾತೆಂದು ಎಣಿಸಬೇಕು.

ಎಲ್‌ಇಡಿ ಎಂದರೇನು?

ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡ್. ಸಾಮಾನ್ಯ ಬಲ್ಬಿನಲ್ಲಿ ತಂತಿಯು ಕಾದು ಕೆಂಪಾಗಿ, ಬಿಳುಪಾಗಿ, ಆಮೇಲೆ ಬೆಳಕು ಕೊಡುತ್ತದೆ. ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಎರಡು ಬಗೆಯ ಅರೆವಾಹಕಗಳು ಸೇರುವ ಗಡಿಯಲ್ಲಿ ಎಲೆಕ್ಟ್ರಾನುಗಳು ತಮಗಾಗಿ ತೆರವಾಗಿರುವ ಎಡೆಗಳಲ್ಲಿ ಬಂದು ನೆಲೆಸುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗುತ್ತದೆ. ಬಣ್ಣವನ್ನು ನಿರ್ಧರಿಸುವುದು ಹೊರಗಿನ ಗಾಜಲ್ಲ, ಒಳಗಿನ ಅರೆವಾಹಕ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ರೂಪಿಸಿದರು. ಅವರ ಶಿಷ್ಯರಾದ ಜಾರ್ಜ್ ಕ್ರಾಫರ್ಡ್ 1972ರಲ್ಲಿ ಹಳದಿ ಬೆಳಕಿನದನ್ನು ತಯಾರಿಸಿದರು.

ವಾಹನಕ್ಕೆ ಇದರಿಂದ ಇನ್ನೊಂದು ಲಾಭವಿದೆ. ಬಲ್ಬಿನ ತಂತಿ ಕಾದು ಪೂರ್ಣವಾಗಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ಕೂಡಲೇ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು 0.2 ಸೆಕೆಂಡಿನಲ್ಲಿ 3 ಮೀಟರಿಗೂ ಮಿಕ್ಕಿ ಸಾಗುತ್ತದೆ.

ಓಮ್‌ನ ನಿಯಮದ ಲೆಕ್ಕ

ಹಳದಿ ಎಲ್‌ಇಡಿಯೊಂದಕ್ಕೆ ಸುಮಾರು 2.1 ವೋಲ್ಟ್ ವಿಭವಾಂತರ ಸಾಕು. ಅದರೊಳಗೆ ಹರಿಯಬೇಕಾದ ಪ್ರವಾಹ 20 ಮಿಲಿ ಆಂಪಿಯರ್ ಮೀರಬಾರದು. ಕಾರಿನ ಬ್ಯಾಟರಿಯನ್ನು 12 ವೋಲ್ಟಿನದೆಂದು ಕರೆದರೂ ಎಂಜಿನ್ ಓಡುತ್ತಿರುವಾಗ ಅದು 14.4 ವೋಲ್ಟಿನವರೆಗೆ ಏರುತ್ತದೆ. ನೇರವಾಗಿ ಜೋಡಿಸಿದರೆ ಎಲ್‌ಇಡಿ ಕ್ಷಣಾರ್ಧದಲ್ಲಿ ಸುಟ್ಟುಹೋಗುವುದು. ಆದುದರಿಂದ ಮಿಕ್ಕ ವೋಲ್ಟನ್ನು ತಾಳಿಕೊಳ್ಳಲು ಒಂದು ರೋಧಕ ಬೇಕು. ಅದರ ಬೆಲೆಯನ್ನು ಕಂಡುಹಿಡಿಯಲು 1827ರಲ್ಲಿ ಓಮ್ ಮಹಾಶಯರು ಪ್ರಕಟಿಸಿದ ನಿಯಮವೇ ಸಾಕು: ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ.

ಮೂರು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಶ್ರೇಣಿಯಲ್ಲಿ ಜೋಡಿಸೋಣ. ಅವುಗಳಿಗೆ ಬೇಕಾದುದು 6.3 ವೋಲ್ಟ್. 14.4ರಲ್ಲಿ 6.3 ಕಳೆದರೆ 8.1 ವೋಲ್ಟ್ ಉಳಿಯುತ್ತದೆ. ಅದನ್ನು 0.02 ಆಂಪಿಯರಿನಿಂದ ಭಾಗಿಸಿದರೆ 405 ಓಮ್. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 470 ಓಮ್ ರೋಧಕವನ್ನು ಹಾಕಿದರೆ ಪ್ರವಾಹ ಸುಮಾರು 17 ಮಿಲಿ ಆಂಪಿಯರ್ ಆಗಿ ಸುರಕ್ಷಿತ ಮಿತಿಯಲ್ಲಿರುತ್ತದೆ. ರೋಧಕದಲ್ಲಿ ಶಾಖವಾಗುವುದು ಸುಮಾರು 0.14 ವ್ಯಾಟ್. ಕಾಲು ವ್ಯಾಟಿನ ರೋಧಕ ಸಾಕಾದರೂ ಬಿಸಿಲಿಗೆ ಕಾಯುವ ಕಾರಿಗೆ ಅರ್ಧ ವ್ಯಾಟಿನದು ಲೇಸು.

ಒಂದೇ ಸಾಲಿನಲ್ಲಿ ಐದು ಎಲ್‌ಇಡಿಗಳನ್ನು ಹಾಕಿ ರೋಧಕಗಳನ್ನು ಉಳಿಸಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಲೆಕ್ಕವೇ ಉತ್ತರ ಹೇಳುತ್ತದೆ. ಐದಕ್ಕೆ 10.5 ವೋಲ್ಟ್ ಬೇಕು, ರೋಧಕ 200 ಓಮ್. ಎಂಜಿನ್ ಓಡುವಾಗ ಪ್ರವಾಹ 19.5 ಮಿಲಿ ಆಂಪಿಯರ್. ಎಂಜಿನ್ ನಿಂತು ವೋಲ್ಟ್ 12ಕ್ಕೆ ಇಳಿದಾಗ ಕೇವಲ 7.5. ಬೆಳಕು ಅರ್ಧಕ್ಕಿಂತಲೂ ಕುಗ್ಗುವುದು. ಮೂರರ ಸಾಲಿನಲ್ಲಾದರೆ 17ರಿಂದ 12ಕ್ಕೆ ಮಾತ್ರ ಇಳಿಕೆ. ಕೆಟ್ಟು ದಾರಿಬದಿಯಲ್ಲಿ ನಿಂತ ಕಾರಿಗೆ ಮಿನುಗುವ ದೀಪ ಹೆಚ್ಚು ಬೇಕಾಗುವುದು ಎಂಜಿನ್ ನಿಂತಾಗಲೇ ಎಂಬುದನ್ನು ಮರೆಯಬಾರದು.

ಪ್ರತಿ ಕನ್ನಡಿಗೆ ಮೂರರಂತೆ ಎರಡು ಸಾಲುಗಳನ್ನು ಸಮಾಂತರವಾಗಿ ಜೋಡಿಸಬೇಕು. ಪ್ರತಿಯೊಂದು ಸಾಲಿಗೂ ಅದರದೇ ರೋಧಕವಿರಬೇಕು. ಒಂದು ಸಾಲು ಕೆಟ್ಟರೂ ಇನ್ನೊಂದು ಬೆಳಗುತ್ತಿರುತ್ತದೆ. ಎಲ್‌ಇಡಿ ವಿರುದ್ಧ ದಿಕ್ಕಿನ ವಿದ್ಯುತ್ತನ್ನು ಹೆಚ್ಚು ಸಹಿಸದು. ಅದರ ರಕ್ಷಣೆಗಾಗಿ ಎರಡೂ ಸಾಲುಗಳಿಗೆ ಮೊದಲು ಒಂದು ಸಾಮಾನ್ಯ ಡಯೋಡನ್ನು ಹಾಕುವುದು ಕ್ಷೇಮ. ಅದು 0.7 ವೋಲ್ಟನ್ನು ತಾನು ತೆಗೆದುಕೊಳ್ಳುವುದರಿಂದ ಪ್ರತಿ ಸಾಲಿನ ಪ್ರವಾಹ 16 ಮಿಲಿ ಆಂಪಿಯರಿನ ಆಸುಪಾಸಿಗೆ ಬರುತ್ತದೆ. ಬೆಳಕಿಗೆ ಅದರಿಂದ ಹೇಳುವಂಥ ಕೊರತೆಯಾಗದು.

ಹಳೆಯ ಬಲ್ಬನ್ನು ತೆಗೆಯಬಾರದು

ಇಂಡಿಕೇಟರನ್ನು ಮಿನುಗಿಸುವುದು ಫ್ಲ್ಯಾಷರ್ ರಿಲೇ ಎಂಬ ಸಣ್ಣ ಉಪಕರಣ. ತನ್ನ ಮೂಲಕ ಎಷ್ಟು ಪ್ರವಾಹ ಹರಿಯುತ್ತಿದೆ ಎಂಬುದನ್ನು ಅದು ಗಮನಿಸುತ್ತಿರುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಪ್ರವಾಹ ತಗ್ಗಿ, ದೀಪ ಅವಸರದಿಂದ ಮಿನುಗಿ ಚಾಲಕನನ್ನು ಎಚ್ಚರಿಸುತ್ತದೆ. ಹಳೆಯ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದರೆ ರಿಲೇಯು ಬಲ್ಬು ಸುಟ್ಟಿದೆ ಎಂದೇ ಭಾವಿಸುವುದು. ಆದುದರಿಂದ ಇದ್ದ ದೀಪಗಳೆಲ್ಲ ಇದ್ದಲ್ಲೇ ಇರಲಿ, ಕನ್ನಡಿಯ ದೀಪ ಅವುಗಳ ಜತೆಗೆ ಸೇರಲಿ. ಒಂದು ಬದಿಗೆ 21 ವ್ಯಾಟಿನ ಎರಡು ಮತ್ತು 5 ವ್ಯಾಟಿನ ಒಂದು ಬಲ್ಬು ಇರುವ ಕಾರಿನಲ್ಲಿ ಹರಿಯುವ ಪ್ರವಾಹ ಸುಮಾರು 3.9 ಆಂಪಿಯರ್. ನಮ್ಮ ಆರು ಎಲ್‌ಇಡಿಗಳದು 0.032 ಆಂಪಿಯರ್, ಅಂದರೆ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ರಿಲೇಗೆ ಅದರ ಅರಿವೂ ಆಗದು.

ಜೋಡಣೆಯ ಕ್ರಮ

ಮೊದಲು ಮೇಜಿನ ಮೇಲೆ ಪ್ರಯೋಗ ಮಾಡಬೇಕು. ಎಲ್‌ಇಡಿಯ ಉದ್ದನೆಯ ಕಾಲು ಧನಾಗ್ರ, ಗಿಡ್ಡನೆಯದು ಋಣಾಗ್ರ. ಬೆಸುಗೆ ಹಾಕುವಾಗ ಕಾದ ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾಗಿಸಬಾರದು. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ಅರ್ಧ ಗಂಟೆ ಉರಿಸಿ, ಮಲ್ಟಿಮೀಟರಿನಿಂದ ಪ್ರವಾಹವನ್ನು ಅಳೆದು, ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಕಿರಿದಾದ ಕೋನದಲ್ಲಿ ಮಾತ್ರ ಬೆಳಕು ಚೆಲ್ಲುವ ಎಲ್‌ಇಡಿಗಳು ಇದಕ್ಕೆ ಸಲ್ಲವು. ಪಕ್ಕಕ್ಕೂ ಹಿಂದಕ್ಕೂ ಕಾಣುವಂತೆ ಅಗಲವಾಗಿ ಬೆಳಕು ಹರಡುವಂಥವೇ ಬೇಕು.

ದೀಪವನ್ನು ಕನ್ನಡಿಯ ಗಾಜಿನ ಮೇಲೆ ಕೂರಿಸದೆ, ಹೊರಗವಚದ ಮುಂಚಿನಲ್ಲಿ, ಚಾಲಕನ ಕಣ್ಣಿಗೆ ನೇರವಾಗಿ ಹೊಡೆಯದಂತೆ ಕೂರಿಸಬೇಕು. ವೈರನ್ನು ಬಾಗಿಲಿಗೂ ಕಾರಿನ ಮೈಗೂ ನಡುವಿನ ರಬ್ಬರ್ ಕೊಳವೆಯೊಳಗಿನಿಂದಲೇ ತಂದು ಅದೇ ಬದಿಯ ಇಂಡಿಕೇಟರಿನ ವೈರಿಗೆ ಒಂದು ಆಂಪಿಯರಿನ ಫ್ಯೂಸ್ ಮೂಲಕ ಸೇರಿಸಬೇಕು. ಋಣಾಗ್ರದ ವೈರು ಕಾರಿನ ಲೋಹದ ಮೈಗೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ನೀರು ತಾಗಿದ ಬೆಸುಗೆ ಬೇಗನೆ ಕಿಲುಬು ಹಿಡಿಯುತ್ತದೆ. ಆದುದರಿಂದ ಪ್ರತಿಯೊಂದು ಸೇರುವೆಯನ್ನೂ ಬಿಸಿಗೆ ಕುಗ್ಗುವ ಕೊಳವೆಯಿಂದ ಮುಚ್ಚಿ, ಮೇಲೆ ಸಿಲಿಕೋನ್ ಅಂಟನ್ನು ಬಳಿಯಬೇಕು.

ಎರಡು ಎಚ್ಚರಿಕೆಗಳಿವೆ. ಹಳದಿ ಬಣ್ಣದ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಅವುಗಳ ಗೊಡವೆಗೆ ಹೋಗಬಾರದು. ಇಂದಿನ ಅನೇಕ ಕಾರುಗಳಲ್ಲಿ ದೀಪಗಳನ್ನು ನಡೆಸುವುದು ರಿಲೇಯಲ್ಲ, ಕಂಪ್ಯೂಟರ್. ಅಂಥ ಕಾರಿನ ವೈರನ್ನು ಕತ್ತರಿಸುವುದು ಸರ್ವಥಾ ಕೂಡದು.

ಕಾನೂನು ಹೇಳುವುದೇನು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮದಂತೆ ತಿರುವು ಸೂಚಿಸುವ ದೀಪ ಕಿತ್ತಳೆ ಛಾಯೆಯ ಹಳದಿ ಬಣ್ಣದ್ದಾಗಿದ್ದು, ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದೆ, 120ನ್ನು ಮೀರದೆ ಮಿನುಗಬೇಕು. ನೀಲಿ, ಬಿಳಿ, ಕೆಂಪು ದೀಪಗಳಿಗೆ ಇಲ್ಲಿ ಎಡೆಯಿಲ್ಲ. ಅದಕ್ಕಿಂತ ಮುಖ್ಯವಾದುದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿಷೇಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲಿಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಒದಗಬಹುದು.

ಹಾಗಾದರೆ ಈ ಪಾಠದ ಪ್ರಯೋಜನವೇನು? ವಾಹನ ಉಳ್ಳವರು ಮೊದಲು ವಿಚಾರಿಸಬೇಕಾದುದು, ತಮ್ಮ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪೆನಿಯೇ ದೀಪವಿರುವ ಕನ್ನಡಿಯನ್ನು ಒದಗಿಸುತ್ತದೆಯೇ ಎಂದು. ಇದ್ದರೆ ಅದೇ ಉತ್ತಮ ಮಾರ್ಗ. ಸ್ವಂತ ತಯಾರಿಯನ್ನು ರಸ್ತೆಗೆ ಇಳಿಸಬೇಕೆನ್ನುವವರು ಮೋಟಾರು ವಾಹನ ಇಲಾಖೆಯ ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಬೇಕು. ಒಪ್ಪಿಗೆ ದೊರೆಯದಿದ್ದರೆ ದೀಪ ಮೇಜಿನ ಮೇಲೆಯೇ ಉಳಿಯಲಿ. ಕಲಿತ ವಿದ್ಯೆ ಅದರಿಂದ ಕಡಿಮೆಯಾಗದು. ನಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳು ರಟ್ಟಿನ ಕಾರಿಗೆ ಇಂಥ ದೀಪಗಳನ್ನು ಜೋಡಿಸಿ, ಪಕ್ಕದಲ್ಲಿ ಒಂದು ಆಟಿಗೆಯ ಸ್ಕೂಟರನ್ನಿಟ್ಟು, ಯಾವ ದೀಪ ಎಲ್ಲಿಂದ ಕಾಣುತ್ತದೆ, ಎಲ್ಲಿಂದ ಕಾಣದು ಎಂದು ನೋಡುಗರಿಗೆ ತೋರಿಸಿದರೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ಬೇರೆ ಬೇಕಿಲ್ಲ.

ದೀಪಕ್ಕೆ ಪರೀಕ್ಷೆ, ಚಾಲಕನಿಗೂ

ಒಪ್ಪಿಗೆ ಪಡೆದು ಜೋಡಿಸಿದ ದೀಪದ ಪರೀಕ್ಷೆ ರಾತ್ರಿಯಲ್ಲಿ ನಡೆಯತಕ್ಕದ್ದಲ್ಲ. ಕತ್ತಲೆಯಲ್ಲಿ ಮಿಣುಕುಹುಳವೂ ಕಾಣುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಕಾರನ್ನು ನಿಲ್ಲಿಸಿ, ಹಿಂಬಾಗಿಲ ಪಕ್ಕದಲ್ಲಿ ಸ್ಕೂಟರಿನ ಮೇಲೆ ಒಬ್ಬರನ್ನು ಕೂರಿಸಿ, ಮಿನುಗು ಕಾಣುತ್ತಿದೆಯೇ ಎಂದು ಕೇಳಬೇಕು. ತೀರ್ಪು ಹೇಳಬೇಕಾದವರು ಕಾರಿನ ಒಡೆಯರಲ್ಲ, ಆ ಸವಾರರು.

ಎಷ್ಟೇ ಪ್ರಕಾಶವಾದ ದೀಪವಾದರೂ ತಿರುಗಿದ ಮೇಲೆ ಹಾಕಿದರೆ ಅದು ವ್ಯರ್ಥ. ತಿರುಗುವ ಮೊದಲೇ ಹಾಕಬೇಕು, ಹಾಕಿದ ಮೇಲೆ ಕನ್ನಡಿ ನೋಡಬೇಕು, ಕತ್ತು ಹೊರಳಿಸಿಯೂ ಒಮ್ಮೆ ನೋಡಬೇಕು. ಸೂಚನೆ ಎಂಬುದು ನಮ್ಮ ಇಂಗಿತವನ್ನು ತಿಳಿಸುತ್ತದೆಯೇ ಹೊರತು ನಮಗೆ ದಾರಿಯ ಹಕ್ಕನ್ನು ಕೊಡುವುದಿಲ್ಲ. ಈ ಶಾಲೆಯಲ್ಲಿ ಕನ್ನಡದಲ್ಲಿ ಓಮ್‌ನ ನಿಯಮವನ್ನು ಕಲಿತು ಇಂದು ನಾನಾ ಊರುಗಳ ರಸ್ತೆಗಳಲ್ಲಿ ವಾಹನ ನಡೆಸುತ್ತಿರುವ ನನ್ನ ಪ್ರಿಯ ವಿದ್ಯಾರ್ಥಿಗಳು ಇಷ್ಟನ್ನು ನೆನಪಿನಲ್ಲಿಟ್ಟು, ಪಕ್ಕದವರನ್ನೂ ಮನೆ ಮುಟ್ಟಗೊಟ್ಟು ತಾವೂ ಸುಖವಾಗಿ ಮನೆ ಸೇರಲಿ ಎಂದು ಹಾರೈಸುತ್ತೇನೆ.