ಗಂಡಾಂತರ ಗರ್ಭಿಣಿಯ ತಪಾಸಣೆ: ಮಾಡಬೇಕಾದ್ದು, ಮಾಡಬಾರದ್ದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಶುಶ್ರೂಷಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಆಶಾ ಕಾರ್ಯಕರ್ತೆಯರ ಗಮನಕ್ಕೆ

ಬಿ.ಪಿ. ಏರಿದರೆ ತಾಯಿಗೆ ಫಿಟ್ಸ್ ಬರಬಹುದು. ರಕ್ತಹೀನತೆ ಇದ್ದರೆ ಹೆರಿಗೆಯ ಅಲ್ಪ ರಕ್ತಸ್ರಾವವೂ ಜೀವ ತೆಗೆಯಬಹುದು. ಮಗು ಹೊಟ್ಟೆಯಲ್ಲೇ ಸಾಯಬಹುದು.

ಮಾಡಬೇಕಾದ್ದು

• ಪ್ರತಿ ಭೇಟಿಯಲ್ಲೂ ಬಿ.ಪಿ. ಅಳೆಯಿರಿ.
• ಮೂತ್ರದಲ್ಲಿ ಪ್ರೋಟೀನ್ ಇದೆಯೇ ನೋಡಿ.
• ಹಿಂದಿನ ಸಿಸೇರಿಯನ್, ಗರ್ಭಪಾತ, ಸತ್ತು ಹುಟ್ಟಿದ ಮಗು, ರಕ್ತಸ್ರಾವ ಒಂದೊಂದನ್ನೂ ಕೇಳಿ.
• ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆಯಿರಿ.
• ಬಿ.ಪಿ. 140/90 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ.
• 160/110 ಮುಟ್ಟಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ 108 ಕರೆಯಿರಿ.
• ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ.
• ಫಿಟ್ಸ್ ಬಂದ ತಾಯಿಗೆ ಕಳಿಸುವ ಮುನ್ನವೇ ಮೆಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ ಕೊಡಿ: ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಸ್ನಾಯುವಿನ ಆಳಕ್ಕೆ.
• ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆಯಿದ್ದರೆ ಆಸ್ಪತ್ರೆಗೆ ದಾಖಲಿಸಿ.
• ಮಗುವಿನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 110ಕ್ಕಿಂತ ಕಡಿಮೆ ಅಥವಾ 160ಕ್ಕಿಂತ ಹೆಚ್ಚಿದ್ದರೆ ತಕ್ಷಣ ವೈದ್ಯರಿಗೆ ಒಪ್ಪಿಸಿ.
• ಗರ್ಭಕೋಶದ ಎತ್ತರವನ್ನು ಟೇಪಿನಲ್ಲಿ ಅಳೆದು ವಾರಗಳಿಗೆ ತಾಳೆ ನೋಡಿ.
• ಮಗುವಿನ ಒದೆತ ಕಡಿಮೆಯಾಗಿದೆಯೇ ಕೇಳಿ.
• ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಗೆ ಕರೆತನ್ನಿ.
• ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಗರ್ಭಿಣಿಯ ಕೈಗೆ ತಾಯಿ ಕಾರ್ಡ್ ಕೊಡಿ.
• ಕಾಗಿಣಾ ನದಿ ತುಂಬಿದರೆ ಮಳಖೇಡ ಸೇತುವೆ ಮುಳುಗುತ್ತದೆ. ಮಳೆಗಾಲದಲ್ಲಿ ದಿನ ತುಂಬುವ ಮೊದಲೇ ದಾಖಲಿಸಿ.

ಮಾಡಬಾರದ್ದು

• ಅಂದಾಜಿನ ಬಿ.ಪಿ. ಬೇಡ.
• ಬಸುರಿಗೆ ಕಾಲು ಬಾವು, ಮುಖ ಬಾವು ಸಹಜ ಎಂಬ ಸಮಾಧಾನ ಬೇಡ.
• ರಕ್ತ ಹೋಗುತ್ತಿರುವಾಗ ಒಳಪರೀಕ್ಷೆ ಮಾಡಬಾರದು.
• ಫಿಟ್ಸ್ ಬಂದಾಗ ಬಾಯಿಗೆ ನೀರು, ಚಮಚ ಬೇಡ.
• ಆಂಬುಲೆನ್ಸಿನಲ್ಲಿ ಅಂಗಾತ ಮಲಗಿಸುವುದು ಬೇಡ.
• ಮಗು ಹುಟ್ಟುವ ಮುನ್ನ ನೋವು ಹೆಚ್ಚಿಸಲು ಆಕ್ಸಿಟೋಸಿನ್ ಇಂಜೆಕ್ಷನ್ ಬೇಡ.
• ಹೆರಿಗೆ ಬೇಗ ಆಗಲೆಂದು ಹೊಟ್ಟೆ ಒತ್ತುವುದು ಬೇಡ.
• ಕಬ್ಬಿಣಾಂಶದ ಗುಳಿಗೆ ಚಹಾದ ಜೊತೆ ಬೇಡ.
• ಕಲ್ಲುಗಣಿಯಲ್ಲಿ ದುಡಿಯುವ ಗರ್ಭಿಣಿಗೆ ಭಾರ ಎತ್ತುವ ಕೆಲಸ ಬೇಡ.
• ಮನೆ ಹೆರಿಗೆಗೆ ಒಪ್ಪಿಗೆ ಬೇಡ.
• ಗಂಡ ಬರಲಿ, ಅತ್ತೆ ಬರಲಿ ಎಂದು ತಡ ಮಾಡಬಾರದು.
• ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಫೋನ್ ಮಾಡದೆ, ಚೀಟಿ ಬರೆಯದೆ ಕಳಿಸುವುದು ಬೇಡ.
• ತಾಯಿಯನ್ನು ಒಬ್ಬಳೇ ಕಳಿಸುವುದು ಬೇಡ.

ಸಂದೇಹ ಬಂದರೆ ಕಾಯಬೇಡಿ, ಕಳಿಸಿ. 108 ಹಗಲೂ ರಾತ್ರಿಯೂ ಉಚಿತ.