ಮನೆಯ ಹತ್ತಿರ ಶುದ್ಧ ನೀರು: ಬದುಕಿನಲ್ಲಿ ಏನು ಬದಲಾಗುತ್ತದೆ?

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಳೆಗೆ ಬಡತನವಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ತಿಂಗಳು ಬಂತೆಂದರೆ ಗುಡ್ಡದ ಮೇಲಿನ ಕಾಲನಿಗಳಲ್ಲಿ ಕೊಡಪಾನಗಳ ಸಾಲು ಶುರುವಾಗುತ್ತದೆ. 2016 ಮತ್ತು 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರು ನಗರಕ್ಕೇ ಸರದಿಯಂತೆ ನೀರು ಬಿಡಬೇಕಾಯಿತು. ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಪ್ರತಿ ವರ್ಷ ಕೊಡ ಹೊತ್ತು ಗುಡ್ಡ ಹತ್ತುವ ಹೆಂಗಸಿನ ಕಷ್ಟ ಸುದ್ದಿಯಾಗುವುದಿಲ್ಲ.

ಒಂದು ಲೆಕ್ಕ ಮಾಡೋಣ

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ 275 ಲೀಟರ್. 15 ಲೀಟರಿನ ಕೊಡಪಾನವಾದರೆ 18 ಕೊಡ. ತಲೆಯಲ್ಲೊಂದು, ಸೊಂಟದಲ್ಲೊಂದು ಹೊತ್ತರೂ 9 ಸಲ ನಡೆಯಬೇಕು. ಹೋಗಿ ಬರಲಿಕ್ಕೆ 20 ನಿಮಿಷ ಹಿಡಿದರೆ ದಿನಕ್ಕೆ ಮೂರು ಗಂಟೆ!

ಈ ಮೂರು ಗಂಟೆ ಯಾರದ್ದು? ಹೆಚ್ಚಾಗಿ ತಾಯಿಯದ್ದು, ಇಲ್ಲವಾದರೆ ಮಗಳದ್ದು. ಅಷ್ಟು ಹೊತ್ತಿನಲ್ಲಿ ಎಷ್ಟು ಬೀಡಿ ಕಟ್ಟಬಹುದು, ಅದರಿಂದ ಎಷ್ಟು ಮಜೂರಿ ಬರುತ್ತದೆ ಎಂದು ನಮ್ಮ ಸಂಘಗಳ ಸದಸ್ಯೆಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ನೀರು ಹೊತ್ತ ಹುಡುಗಿ ಶಾಲೆಗೆ ತಡವಾಗಿ, ಸುಸ್ತಾಗಿ ಹೋಗುತ್ತಾಳೆ. ಇನ್ನೊಬ್ಬರ ಬಾವಿಯನ್ನು ನಂಬಿದವಳು ಮಾತು ಕೇಳಿಸಿಕೊಂಡೂ ಸುಮ್ಮನಿರಬೇಕಾಗುತ್ತದೆ. ನೀರು ಮನೆಬಾಗಿಲಿಗೆ ಬಂದರೆ ಅವಳಿಗೆ ಸಮಯದ ಜತೆ ಮರ್ಯಾದೆಯೂ ಸಿಗುತ್ತದೆ.

ನೀರು ಶುದ್ಧವಾಗಿಲ್ಲದಿದ್ದರೆ

ಕಟ್ಟೆಯಿಲ್ಲದ ಬಾವಿಗೆ ಜೂನ್ ತಿಂಗಳ ಮೊದಲ ಮಳೆ ಅಂಗಳದ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ಆಮೇಲೆ ವಾಂತಿಭೇದಿ, ಟೈಫಾಯಿಡ್, ಕಾಮಾಲೆ. ಮಗುವಿಗೆ ಔಷಧಿ, ಬಸ್ಸಿನ ಖರ್ಚು, ತಾಯಿಯ ಕೂಲಿ ನಷ್ಟ, ಕೊನೆಗೆ ಸಾಲ. ಕುಡಿಯುವ ನೀರಿನ ಮೇಲೆ ಇಡುವ ಎಚ್ಚರ ಈ ಸಾಲವನ್ನು ತಡೆಯುತ್ತದೆ.

ನಳ್ಳಿ ಬಂದರೆ ಸಾಕೇ?

"ಸಿಸ್ಟರ್, ನಳ್ಳಿ ಉಂಟು, ನೀರಿಲ್ಲ" ಎಂಬ ಮಾತನ್ನು ನಾವು ಹಲವು ಕಡೆ ಕೇಳಿದ್ದೇವೆ. ಕೊಳವೆಬಾವಿ ಬತ್ತಿದರೆ ನಳ್ಳಿಯೂ ಬತ್ತುತ್ತದೆ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಮಳೆನೀರು ಬೇಗ ಇಳಿದು ಬೇಗ ಹರಿದು ಹೋಗುತ್ತದೆ. ಅದಕ್ಕೇ ಹಿರಿಯರು ಗುಡ್ಡದ ಮೇಲೆ ಮದಕ, ತೋಡಿಗೆ ಕಟ್ಟ, ಗುಡ್ಡದೊಳಗೆ ಸುರಂಗ ಮಾಡಿದರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೃಷಿಕೂಲಿಯಾಗಿದ್ದವರು. ತನಗೆ ಸಿಕ್ಕಿದ ಒಣಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲಿನ ಕೆಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಅವರು ಬಿಡಲಿಲ್ಲ. ಮುಂದೆ ಅದೇ ಗುಡ್ಡದಲ್ಲಿ ಅಡಿಕೆ, ತೆಂಗು ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎಲ್ಲರಿಗೂ ಸುರಂಗ ಕೊರೆಯಲಿಕ್ಕೆ ಆಗುವುದಿಲ್ಲ. ಆದರೆ ಮಾಡು ಎಲ್ಲರಿಗೂ ಉಂಟು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಮಾಡಿನ ಮೇಲೆ 3,500 ಮಿಲಿಮೀಟರ್ ಮಳೆಗೆ 1,75,000 ಲೀಟರ್ ಬೀಳುತ್ತದೆ! ಇದನ್ನು ಬಾವಿಗೆ ಅಥವಾ ಇಂಗುಗುಂಡಿಗೆ ಬಿಡಬಹುದು. ಒಂದೇ ಮನೆಯವರು ಇಂಗಿಸಿದ ನೀರು ಅವರ ಬಾವಿಯಲ್ಲೇ ನಿಲ್ಲುವುದಿಲ್ಲ, ತಗ್ಗಿನ ಕಡೆಗೆ ಹೋಗುತ್ತದೆ. ಆದ್ದರಿಂದ ಇದು ಇಡೀ ವಾರ್ಡಿನವರು ಸೇರಿ ಮಾಡಬೇಕಾದ ಕೆಲಸ.

ಸಂಘದವರು ಮಾಡಬಹುದಾದದ್ದು

1. ಬಾವಿಗೆ ಕಟ್ಟೆ, ಸುತ್ತಲೂ ಸಿಮೆಂಟಿನ ನೆಲ, ಮೇಲೆ ಬಲೆ ಹಾಕಿಸಿ. ಶೌಚಾಲಯದ ಗುಂಡಿ ಕನಿಷ್ಠ 15 ಮೀಟರ್ ದೂರವಿರಲಿ. ಮುರಕಲ್ಲಿನ ಜಾಗದಲ್ಲಿ ಇನ್ನೂ ಹೆಚ್ಚಾದರೆ ಒಳ್ಳೆಯದು.

2. ಬಾವಿಯ ಪ್ರತಿ 1,000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ರಾತ್ರಿ ಬಾವಿಗೆ ಹಾಕಿ, ಬೆಳಿಗ್ಗೆ ಉಪಯೋಗಿಸಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಡಿ.

3. ಮಾಡಿನ ನೀರನ್ನು ಬಾವಿಗೆ ಬಿಡುವಾಗ ಮೊದಲ ಮಳೆಗಳ ನೀರನ್ನು ಹೊರಗೆ ಬಿಡಿ. ನಂತರದ್ದನ್ನು ಜಲ್ಲಿ, ಇದ್ದಿಲು, ಹೊಯ್ಗೆಯ ಮೂಲಕ ಸೋಸಿಯೇ ಬಿಡಿ.

4. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಲಿಕ್ಕೆ ಅವಕಾಶ ಉಂಟು. ನಮ್ಮ ಊರಿನ ಆ ಐವರು ಯಾರೆಂದು ಗ್ರಾಮಸಭೆಯಲ್ಲಿ ಕೇಳಿ. ಇಲ್ಲವಾದರೆ ಸಂಘದಿಂದಲೇ ಹೆಸರು ಕೊಡಿ.

ನೀರು ಕೇಳುವುದು ಭಿಕ್ಷೆ ಬೇಡಿದಂತಲ್ಲ. ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಕ್ಕನ್ನು ಕೇಳೋಣ, ಬಿದ್ದ ನೀರನ್ನು ಉಳಿಸುವ ಕೆಲಸವನ್ನೂ ಮಾಡೋಣ.

ಸಂಘದ ಸಭೆಯಲ್ಲಿ ಚರ್ಚಿಸಿ

• ನಮ್ಮ ವಾರ್ಡಿನಲ್ಲಿ ಬೇಸಗೆಯಲ್ಲಿ ನೀರು ಹೊರುವ ಮನೆಗಳು ಎಷ್ಟು? ಹೊರುವವರು ಯಾರು?
• ಕಟ್ಟೆಯಿಲ್ಲದ ಬಾವಿಗಳು ಎಷ್ಟು?
• ಬರುವ ಮಳೆಗಾಲಕ್ಕೆ ಮೊದಲು ಯಾವ ಒಂದು ಕೆಲಸವನ್ನು ಮುಗಿಸುತ್ತೇವೆ?